ತನ್ನ ಅರ್ಜಿ ತಾನೇ: ಸರ್ಕಾರಿ ಜಾಲತಾಣಗಳು ಮತ್ತು ಯಾದಗಿರಿ ಸೀಮೆಯ ವಿಕಲಚೇತನರು



ದತ್ತಿ ಉಪನ್ಯಾಸಕ್ಕೆ ಸಾಹಿತ್ಯವನ್ನೋ ಇತಿಹಾಸವನ್ನೋ ಆಯ್ದುಕೊಳ್ಳುವುದು ವಾಡಿಕೆ. ಮುದನೂರಿನ ದಾಸಿಮಯ್ಯನಿಂದ ಸುರಪುರದ ರಾಜಾ ವೆಂಕಟಪ್ಪನಾಯಕನವರೆಗೆ ಈ ಸೀಮೆಯಲ್ಲಿ ಮಾತಾಡಲು ಬೇಕಾದಷ್ಟಿದೆ. ನಾನು ಇಂದು ಸರ್ಕಾರದ ಜಾಲತಾಣಗಳ ಬಗ್ಗೆ ಮಾತಾಡುತ್ತೇನೆ. ಇದೂ ಓದು ಬರಹದ ವಿಷಯವೇ. ಸರ್ಕಾರ ಬರೆದದ್ದನ್ನು ಯಾರು ತಾವಾಗಿ ಓದಬಲ್ಲರು, ಯಾರು ಇನ್ನೊಬ್ಬರ ಬಾಯಿಂದ ಕೇಳಿ ತಿಳಿಯಬೇಕು ಎಂಬ ಪ್ರಶ್ನೆ ಇದರಲ್ಲಿದೆ.

ಈ ಪ್ರಶ್ನೆಯನ್ನು ನಮ್ಮ ಹಿರಿಯರು ಸ್ವತಃ ಅನುಭವಿಸಿದವರು. 1948ರ ಸೆಪ್ಟೆಂಬರ್‌ವರೆಗೆ ಈ ನೆಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು. ಮನೆಯಲ್ಲಿ ಹೊಲದಲ್ಲಿ ಕನ್ನಡವನ್ನೇ ಆಡುತ್ತಿದ್ದ ರೈತ, ತಹಶೀಲ್ ಕಚೇರಿಯಿಂದ ಬಂದ ಕಾಗದ ಹಿಡಿದು ಉರ್ದು ಬಲ್ಲವರ ಮನೆ ಹುಡುಕಬೇಕಿತ್ತು. ಅವರು ಓದಿ ಹೇಳಿದ್ದನ್ನೇ ನಂಬಬೇಕು, ಅವರು ತೋರಿಸಿದ ಜಾಗದಲ್ಲೇ ಹೆಬ್ಬೆಟ್ಟು ಒತ್ತಬೇಕು. ಓದಿ ಹೇಳಿದವರಲ್ಲಿ ಧರ್ಮಾತ್ಮರೂ ಇದ್ದರು. ಆದರೆ ತನ್ನ ಹೊಲದ ಕಾಗದದಲ್ಲಿ ಏನು ಬರೆದಿದೆ ಎಂದು ತನಗೇ ತಿಳಿಯದಿರುವ ಸಂಕಟ ಇದೆಯಲ್ಲ, ಅದನ್ನು ಯಾರ ಒಳ್ಳೆಯತನವೂ ಅಳಿಸಲಾರದು. ಇಂದು ಕಾಗದ ಕನ್ನಡದಲ್ಲಿ ಬರುತ್ತದೆ, ಪಹಣಿ ಫೋನಿನಲ್ಲೇ ಸಿಗುತ್ತದೆ. ಆದರೂ ನಮ್ಮ ನಡುವಿನ ಒಂದು ದೊಡ್ಡ ಸಮುದಾಯ ಆ ಹಳೆಯ ರೈತನ ಜಾಗದಲ್ಲೇ ನಿಂತಿದೆ. ಕಣ್ಣು ಕಾಣದವರು, ಕಿವಿ ಕೇಳದವರು, ಕೈಬೆರಳು ಹಿಡಿತಕ್ಕೆ ಬಾರದವರು, ಓದಿದ್ದನ್ನು ನಿಧಾನವಾಗಿ ಗ್ರಹಿಸುವವರು ಅಲ್ಲಿದ್ದಾರೆ.

2011ರ ಜನಗಣತಿ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರನ್ನು ಎಣಿಸಿತು. ಆಮೇಲೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ವೈಕಲ್ಯದ ಬಗೆಗಳನ್ನು ಏಳರಿಂದ 21ಕ್ಕೆ ಏರಿಸಿದ್ದರಿಂದ ನಿಜವಾದ ಸಂಖ್ಯೆ ಅದಕ್ಕಿಂತ ಹೆಚ್ಚೇ ಇರಬೇಕು. ಅದೇ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 52, ಇಡೀ ರಾಜ್ಯದಲ್ಲೇ ಕೊನೆಯದು. ಈ ಎರಡು ಸಂಗತಿಗಳನ್ನು ನಾನು ಬೇಕೆಂದೇ ಜೊತೆಗಿಟ್ಟು ಹೇಳುತ್ತಿದ್ದೇನೆ. ಕಣ್ಣು ಕಾಣದವರಿಗಾಗಿ ಫೋನು ಗಟ್ಟಿಯಾಗಿ ಓದುವಂತೆ ಒಂದು ಪ್ರಕಟಣೆಯನ್ನು ಸಿದ್ಧಪಡಿಸಿದರೆ, ಅಕ್ಷರ ಬಾರದ ತಾಯಿಯೂ ಅದನ್ನು ಕೇಳಬಲ್ಲಳು. ಈ ಜಿಲ್ಲೆಯಲ್ಲಿ ಈ ಕೆಲಸದ ಫಲ ಬೇರೆಲ್ಲಕ್ಕಿಂತ ಹೆಚ್ಚು ಜನರಿಗೆ ಮುಟ್ಟುತ್ತದೆ.

ಕಣ್ಣು ಕಾಣದವರು ಜಾಲತಾಣವನ್ನು ಹೇಗೆ ಓದುತ್ತಾರೆ ಎಂದು ಕೆಲವರಿಗಾದರೂ ಅಚ್ಚರಿ ಇರಬಹುದು. ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಪರದೆಯ ಮೇಲಿನ ಬರಹವನ್ನು ದನಿಯಾಗಿಸಿ ಹೇಳುತ್ತದೆ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಎಂಬ ಅಂಧ ಯುವಕ 2006ರಲ್ಲಿ ಎನ್‌ವಿಡಿಎ ಎಂಬುದನ್ನು ಬರೆಯತೊಡಗಿದರು. ಕಂಪ್ಯೂಟರಿಗೆ ಅದು ಇಂದಿಗೂ ಉಚಿತ, ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಧ್ವನಿಯ ಎರಡೂ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದರೆ ಸಾಕು, ಬಹುತೇಕ ಫೋನುಗಳಲ್ಲಿ ಅದು ಮಾತಾಡತೊಡಗುತ್ತದೆ. ಇಲ್ಲಿ ಅಧಿಕಾರಿಗಳು ಕೆಲವರಿದ್ದೀರಿ. ಇಂದು ರಾತ್ರಿ ಮನೆಗೆ ಹೋಗಿ ಅದನ್ನು ಚಾಲೂ ಮಾಡಿ, ಕಣ್ಣು ಮುಚ್ಚಿ, ನಿಮ್ಮದೇ ಇಲಾಖೆಯ ಪುಟ ತೆರೆಯಿರಿ. ನಾನು ಮುಂದೆ ಹೇಳುವುದರ ಅರ್ಧ ಭಾಗ ನಿಮಗೆ ಅಲ್ಲೇ ತಿಳಿಯುತ್ತದೆ.

ಹುಣಸಗಿ ಕಡೆಯ ಒಂದು ಹಳ್ಳಿಯಿಂದ ಸುರಪುರಕ್ಕೆ ಬಂದು ಬಿ.ಎ. ಓದುವ, ಕಣ್ಣು ಕಾಣದ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳಿ. ಅವಳಿಗೆ ವಿದ್ಯಾರ್ಥಿವೇತನದ ಅರ್ಜಿ ಹಾಕಬೇಕಿದೆ. ಫೋನು ಬಳಸಲು ಅವಳಿಗೆ ಚೆನ್ನಾಗಿ ಗೊತ್ತು, ತಂಗಿಗೆ ವಾಟ್ಸಾಪ್ ಕಲಿಸಿದವಳೇ ಅವಳು. ಅರ್ಜಿಯ ಪುಟ ತೆರೆಯುತ್ತಾಳೆ. ನೋಡುವವರಿಗೆ ಒಂದೊಂದು ಖಾನೆಯ ಪಕ್ಕದಲ್ಲಿ ‘ಹೆಸರು’, ‘ತಂದೆಯ ಹೆಸರು’, ‘ಯುಡಿಐಡಿ ಸಂಖ್ಯೆ’ (ವಿಕಲಚೇತನರ ಗುರುತಿನ ಸಂಖ್ಯೆ) ಎಂದು ಕಾಣುತ್ತದೆ. ಆದರೆ ಪುಟ ಕಟ್ಟಿದವರು ಆ ಬರಹವನ್ನು ಖಾನೆಗೆ ಒಳಗಿನಿಂದ ಜೋಡಿಸಿರದಿದ್ದರೆ ಅವಳ ಕಿವಿಗೆ ಬೀಳುವುದು ‘ಎಡಿಟ್, ಎಡಿಟ್, ಎಡಿಟ್’ ಅಷ್ಟೇ. ಯಾವುದರಲ್ಲಿ ಏನು ತುಂಬಬೇಕು? ಊಹಿಸಿ ತುಂಬುತ್ತಾಳೆ ಎನ್ನಿ. ಹುಟ್ಟಿದ ದಿನಾಂಕಕ್ಕೆ ಕ್ಯಾಲೆಂಡರಿನ ಚಿತ್ರ ತೆರೆಯುತ್ತದೆ, ಅದು ಮೌಸಿಗೆ ಮಾತ್ರ ಬಗ್ಗುತ್ತದೆ. ಒಂದು ಖಾನೆ ತಪ್ಪಾಯಿತು. ತಪ್ಪನ್ನು ಕೆಂಪು ಗೆರೆಯಲ್ಲಿ ತೋರಿಸುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಓಟಿಪಿ ಬರುತ್ತದೆ, ಅದನ್ನು ಕೇಳಿಸಿಕೊಂಡು, ಮತ್ತೆ ಖಾನೆ ಹುಡುಕಿಕೊಂಡು ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಇಷ್ಟೆಲ್ಲ ದಾಟಿದರೆ ಕೊನೆಗೆ ಕ್ಯಾಪ್ಚಾ. ಸೊಟ್ಟಗೆ ಬರೆದ ಅಕ್ಷರಗಳ ಚಿತ್ರ ನೋಡಿ ಅದನ್ನೇ ಬರೆಯಬೇಕು, ಅರ್ಜಿದಾರ ಯಂತ್ರವಲ್ಲ, ಮನುಷ್ಯ ಎಂದು ಸಾಬೀತಾಗಲು. ಕೇಳಿಸುವ ಕ್ಯಾಪ್ಚಾ ಇಲ್ಲದ ಪುಟ ಅವಳನ್ನು ಮನುಷ್ಯಳೆಂದು ಒಪ್ಪುವುದೇ ಇಲ್ಲ.

ನಾನು ಹೇಳಿದ ಈ ತೊಡಕುಗಳು ಯಾವುದೋ ಒಂದೇ ಜಾಲತಾಣದ್ದಲ್ಲ, ಸರ್ಕಾರಿ ಪುಟಗಳಲ್ಲೂ ಖಾಸಗಿ ಪುಟಗಳಲ್ಲೂ ಮತ್ತೆ ಮತ್ತೆ ಎದುರಾಗುವಂಥವು. ಆಗ ಆ ಹುಡುಗಿ ಏನು ಮಾಡುತ್ತಾಳೆ? ಗ್ರಾಮ ಒನ್ ಕೇಂದ್ರಕ್ಕೋ ಝೆರಾಕ್ಸ್ ಅಂಗಡಿಗೋ ಹೋಗುತ್ತಾಳೆ. ಇಲ್ಲವೇ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಾದ ವಿ.ಆರ್.ಡಬ್ಲ್ಯೂ ಅವರನ್ನು ಹುಡುಕುತ್ತಾಳೆ. ನಮ್ಮ ರಾಜ್ಯದಲ್ಲಿ ಪಂಚಾಯಿತಿಗೊಬ್ಬ ವಿ.ಆರ್.ಡಬ್ಲ್ಯೂ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಕಾರ್ಯಕರ್ತ ಎಂ.ಆರ್.ಡಬ್ಲ್ಯೂ ಎಂಬ ವ್ಯವಸ್ಥೆ ಇದೆ. ಇವರಲ್ಲಿ ಬಹಳಷ್ಟು ಮಂದಿ ಸ್ವತಃ ವಿಕಲಚೇತನರು, ಸಣ್ಣ ಗೌರವಧನಕ್ಕೆ ಮನೆ ಮನೆ ತಿರುಗುವವರು. ಅವರ ಬಗ್ಗೆ ನನಗೆ ತುಂಬು ಗೌರವವಿದೆ. ಆದರೂ ಒಂದು ಮಾತು ಹೇಳಲೇಬೇಕು. ಆ ಹುಡುಗಿಯ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಪಾಸ್‌ವರ್ಡ್, ಫೋನಿಗೆ ಬಂದ ಓಟಿಪಿ ಎಲ್ಲವೂ ಇನ್ನೊಬ್ಬರ ಕೈಗೆ ಹೋದವು. ಅವಳ ವೈದ್ಯಕೀಯ ಪ್ರಮಾಣಪತ್ರದಲ್ಲಿ ಏನಿದೆ ಎಂದು ಅಂಗಡಿಯಲ್ಲಿ ಕೂತ ನಾಲ್ಕು ಜನರಿಗೆ ತಿಳಿಯಿತು. ಮಾನಸಿಕ ಕಾಯಿಲೆಯೂ 2016ರ ಕಾಯ್ದೆಯ ಪಟ್ಟಿಯಲ್ಲಿದೆ, ಕುಷ್ಠದಿಂದ ಗುಣವಾದವರೂ ಇದ್ದಾರೆ. ಅಂಥವರಿಗೆ ಊರಿನ ಅಂಗಡಿಯಲ್ಲಿ ಕೂತು ಅರ್ಜಿ ತುಂಬಿಸುವುದೆಂದರೆ ಏನೆಂದು ಯೋಚಿಸಿ. ನೆರವು ಬೇಕೆಂದವರಿಗೆ ನೆರವು ಇರಲಿ. ತಾನೇ ಮಾಡಬಲ್ಲವಳಿಗೆ ಬಾಗಿಲು ಮುಚ್ಚಿ, ಆಮೇಲೆ ನೆರವು ಕೊಡಲು ಬರುವುದು ಸರಿಯಲ್ಲ.

ಇನ್ನು ಕನ್ನಡಕ್ಕೇ ಅಂಟಿಕೊಂಡ ಒಂದು ತೊಂದರೆ ಇದೆ. ದೆಹಲಿಯಲ್ಲಿ ಕೂತು ಮಾರ್ಗಸೂಚಿ ಬರೆಯುವವರ ಕಣ್ಣಿಗೆ ಇದು ಸುಲಭಕ್ಕೆ ಬೀಳುವಂಥದ್ದಲ್ಲ, ಆದ್ದರಿಂದ ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಮ್ಮ ಕಚೇರಿಗಳಲ್ಲಿ ಕನ್ನಡ ಟೈಪಿಂಗ್ ಎಂದರೆ ನುಡಿ ತಂತ್ರಾಂಶ. ಕನ್ನಡ ಗಣಕ ಪರಿಷತ್ತು ಅದನ್ನು ರೂಪಿಸಿತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅದರ ಬೆನ್ನೆಲುಬು. ಕಚೇರಿಗಳಿಗೆ ಕನ್ನಡ ಬಂದದ್ದರಲ್ಲಿ ನುಡಿಯ ಪಾಲು ದೊಡ್ಡದು. ಈ ಋಣವನ್ನು ಮರೆತು ಮಾತಾಡಬಾರದು. ಆದರೆ ನುಡಿಯ ಹಳೆಯ ಅಕ್ಷರವಿನ್ಯಾಸಗಳು, ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡಿನವಲ್ಲ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಪರದೆಯ ಮೇಲೆ ‘ಕನ್ನಡ’ ಎಂದೇ ಕಾಣುತ್ತದೆ. ಕಂಪ್ಯೂಟರಿನ ಒಳಗೆ ಮಾತ್ರ ಇಂಗ್ಲಿಷಿನ ‘ಪಿ’, ಅದರ ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ‘ಎ’, ಆಮೇಲೆ ಇಂಗ್ಲೆಂಡಿನ ಹಣವಾದ ಪೌಂಡಿನ ಚಿಹ್ನೆ, ಹೀಗೆ ಇರುತ್ತದೆ. ಪೌಂಡಿನ ಚಿಹ್ನೆಯ ಜಾಗದಲ್ಲಿ ‘ನ’ ಅಕ್ಷರ ಕೂತಿದೆ. ಕಣ್ಣಿರುವವರಿಗೆ ಇದು ಎಂದೂ ಗೊತ್ತಾಗುವುದಿಲ್ಲ. ಸ್ಕ್ರೀನ್ ರೀಡರ್ ಕಣ್ಣಿಗೆ ಕಾಣುವ ಆಕಾರವನ್ನು ನೋಡದೆ ಒಳಗಿನ ಸಂಕೇತವನ್ನು ಓದುತ್ತದೆ. ಹಾಗಾಗಿ ‘ಕರ್ನಾಟಕ ಸರ್ಕಾರ’ ಎಂಬ ತಲೆಬರಹವೇ ಅಂಧರ ಕಿವಿಗೆ ಅರ್ಥವಿಲ್ಲದ ಗಲಾಟೆಯಾಗಿ ಬೀಳುತ್ತದೆ. ಇಡೀ ಸುತ್ತೋಲೆ ಹಾಗೆಯೇ.

ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ 1991ರಲ್ಲೇ ಜಾಗ ಸಿಕ್ಕಿತ್ತು. 2012ರಲ್ಲಿ ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿತು. ನುಡಿಯ ಹೊಸ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ, ಕೀಲಿಮಣೆ ಅದೇ, ಬೆರಳಿನ ರೂಢಿ ಬದಲಾಗಬೇಕಿಲ್ಲ. ಹಾಗಿದ್ದರೂ ಹಳೆಯ ನಮೂನೆಗಳನ್ನೇ ತೆರೆದು, ದಿನಾಂಕ ತಿದ್ದಿ, ಮತ್ತೆ ಬಳಸುವ ಅಭ್ಯಾಸ ಕಚೇರಿಗಳಲ್ಲಿ ಉಳಿದಿದೆ. ಗುಮಾಸ್ತರನ್ನು ದೂರಿ ಫಲವಿಲ್ಲ. ಹೀಗೆ ಬರೆದರೆ ಯಾರೋ ಒಬ್ಬರಿಗೆ ಓದಲಾಗುವುದಿಲ್ಲ ಎಂದು ಅವರಿಗೆ ಹೇಳಿದವರಾದರೂ ಯಾರು? ಪರೀಕ್ಷೆ ಸುಲಭ. ಪಿಡಿಎಫ್ ತೆರೆದು ಒಂದು ಸಾಲನ್ನು ನಕಲು ಮಾಡಿ ಗೂಗಲ್ ಹುಡುಕಾಟದ ಪಟ್ಟಿಯಲ್ಲಿ ಅಂಟಿಸಿ ನೋಡಿ. ಕನ್ನಡವೇ ಬಂದರೆ ಸರಿ. ಇಂಗ್ಲಿಷ್ ಅಕ್ಷರಗಳ ಸಂತೆ ಬಂದರೆ ಅದು ಹಳೆಯ ನುಡಿ. ಸಾಲನ್ನು ಆರಿಸಲೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ, ಅಂದರೆ ಸ್ಕ್ರೀನ್ ರೀಡರ್ ಪಾಲಿಗೆ ಖಾಲಿ ಹಾಳೆ.

ಸ್ಕ್ಯಾನ್ ಮಾಡುವುದಕ್ಕೆ ಕಚೇರಿಗಳಿಗೆ ಒಂದು ಕಾರಣವಿದೆ: ಸಹಿ ಮೊಹರು ಇರುವ ಪ್ರತಿಯೇ ಅಧಿಕೃತ ಎಂಬ ನಂಬಿಕೆ. ಸಹಿ ಇರುವ ಪ್ರತಿಯನ್ನು ಹಾಕಲಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಅದೇ ಆದೇಶದ ಯೂನಿಕೋಡ್ ಪಠ್ಯವನ್ನು ಪುಟದಲ್ಲೇ ಹಾಕಬೇಕು. ಟೈಪ್ ಮಾಡಿದ ಕಡತ ಹೇಗೂ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಅದನ್ನು ಮುದ್ರಿಸಿ, ಸಹಿ ಮಾಡಿ, ಚಿತ್ರವಾಗಿಸಿ, ಮತ್ತೆ ಕಂಪ್ಯೂಟರಿಗೆ ಏರಿಸುವ ದಾರಿಯಲ್ಲಿ ಓದಬಲ್ಲ ಬರಹವನ್ನು ನಾವೇ ಕೈಯಾರೆ ಕಳೆದುಕೊಳ್ಳುತ್ತಿದ್ದೇವೆ. ಹಳೆಯ ಸ್ಕ್ಯಾನ್‌ಗಳಿಗೆ, ಚಿತ್ರದಲ್ಲಿನ ಅಕ್ಷರ ಗುರುತಿಸಿ ಬರಹವಾಗಿಸುವ ಓಸಿಆರ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡದ ಓಸಿಆರ್ ಮೇಲೂ ಕನ್ನಡ ಓದುವ ದನಿಯ ಮೇಲೂ ವರ್ಷಗಟ್ಟಲೆ ದುಡಿದಿದೆ. ಆದರೆ ಇಂದು ಬರೆಯುವ ಕಾಗದವನ್ನು ನಾಳೆ ಓಸಿಆರ್‌ಗೆ ಒಡ್ಡುವ ಅಗತ್ಯವೇನಿದೆ?

ಈ ಸೀಮೆಯ ಅಂಧ ಮಕ್ಕಳು ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ ಸಂಗೀತ ಕಲಿತು ಬಂದ ಸಂಗತಿ ನಿಮಗೆಲ್ಲ ಗೊತ್ತು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರು. ಉತ್ತರ ಕರ್ನಾಟಕದ ಎಷ್ಟೋ ಬಡ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟವರು. ಅಲ್ಲಿ ಕಲಿತ ತರುಣ ಕೆಲಸ ಹುಡುಕುತ್ತಾನೆ. ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ ಕನಿಷ್ಠ ನಾಲ್ಕು ವಿಕಲಚೇತನರಿಗೆ ಎಂದು 2016ರ ಕಾಯ್ದೆಯ 34ನೇ ಕಲಂ ಹೇಳುತ್ತದೆ. ಆ ಮೀಸಲಾತಿ ಪ್ರಕಟವಾಗುವ ಅಧಿಸೂಚನೆಯೇ ಓದಲಾಗದ ಚಿತ್ರವಾಗಿ ಬಂದರೆ, ಅರ್ಜಿಯ ಕೊನೆಯ ದಿನ ಕಳೆದ ಮೇಲೆ ಅವನಿಗೆ ಸುದ್ದಿ ಮುಟ್ಟುತ್ತದೆ.

ಕಿವುಡರ ಮಾತನ್ನು ಇಂಥ ಸಭೆಗಳಲ್ಲಿ ಎತ್ತುವವರು ಕಡಿಮೆ. ಜಾಲತಾಣದಲ್ಲಿ ಬರಹ ಕಾಣುತ್ತದಲ್ಲ, ಅವರಿಗೇನು ಕಷ್ಟ ಎನ್ನುತ್ತಾರೆ. ಹುಟ್ಟಿನಿಂದ ಕಿವಿ ಕೇಳದ ಅನೇಕರಿಗೆ ಮೊದಲ ಭಾಷೆ ಸನ್ನೆಯದು, ಬರೆದ ಕನ್ನಡ ಎರಡನೆಯದು. ಕಚೇರಿ ಕನ್ನಡವಂತೂ ಕಿವಿ ಕೇಳುವವರಿಗೇ ಬಿಡಿಸಲಾಗದ ಗಂಟು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನಾ ಕೇಂದ್ರ ಆರಂಭವಾಗಿ, ಹತ್ತು ಸಾವಿರ ಪದಗಳ ಸನ್ನೆ ಕೋಶ 2021ರಲ್ಲಿ ಬಂತು. ಮುಖ್ಯ ಯೋಜನೆಗಳಿಗಾದರೂ ಎರಡು ನಿಮಿಷದ ಸನ್ನೆ ವಿಡಿಯೋ, ಸಚಿವರ ಭಾಷಣಕ್ಕೆ ಅಡಿಬರಹ ಹಾಕುವುದು ಇಂದು ಅಸಾಧ್ಯವೇನಲ್ಲ.

ಓದಲಾಗದ ಪ್ರಕಟಣೆ ಜೀವಕ್ಕೇ ಎರವಾಗಬಲ್ಲ ಕಡೆಗೆ, ನಮ್ಮ ನದಿಗಳ ಮಾತಿಗೆ ಬರುತ್ತೇನೆ. ಮಹಾರಾಷ್ಟ್ರದಲ್ಲಿ ಮಳೆ ಹೆಚ್ಚಾಗಿ ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ನೀರು ಬಿಟ್ಟಾಗ ನದಿ ದಂಡೆಯ ಊರುಗಳ ಎದೆ ನಡುಗುತ್ತದೆ. ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಯ ಜನ ಹೊರಜಗತ್ತಿನ ಸಂಪರ್ಕವನ್ನೇ ಕಳೆದುಕೊಂಡದ್ದುಂಟು. ಆ ಹೊತ್ತಿನಲ್ಲಿ ಎಚ್ಚರಿಕೆ ಹೇಗೆ ಹೋಗುತ್ತದೆ? ಡಂಗುರ, ಧ್ವನಿವರ್ಧಕ: ಕಿವುಡರಿಗೆ ಕೇಳದು. ಸಹಿ ಮಾಡಿದ ಪ್ರಕಟಣೆಯ ಫೋಟೋ ವಾಟ್ಸಾಪಿನಲ್ಲಿ: ಅಂಧರಿಗೆ ಕಾಣದು. ಅದೇ ಪ್ರಕಟಣೆಯನ್ನು ನಾಲ್ಕು ಸಾಲಿನ ಸರಳ ಕನ್ನಡದ ಯೂನಿಕೋಡ್ ಬರಹವಾಗಿ ಜಾಲತಾಣದಲ್ಲೂ ಸಂದೇಶದಲ್ಲೂ ಕಳಿಸಿದರೆ ಅಂಧರ ಫೋನು ಅದನ್ನು ಓದಿ ಹೇಳುತ್ತದೆ, ಕಿವುಡರು ಕಣ್ಣಿಂದ ಓದುತ್ತಾರೆ. ಎಷ್ಟು ಕ್ಯೂಸೆಕ್, ಯಾವ ಊರು, ಎಲ್ಲಿಗೆ ಹೋಗಬೇಕು, ಯಾರಿಗೆ ಕರೆ ಮಾಡಬೇಕು, ಅಷ್ಟು ಸಾಕು. ಇಡೀ ಭಾಷಣದಲ್ಲಿ ಒಂದೇ ಮಾತನ್ನು ಜಿಲ್ಲಾಡಳಿತ ಕೇಳುವುದಾದರೆ ಇದನ್ನೇ ಕೇಳಲಿ ಎನ್ನುತ್ತೇನೆ, ಏಕೆಂದರೆ ಇದರಲ್ಲಿ ಜೀವದ ಪ್ರಶ್ನೆ ಇದೆ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿ ಮೊದಲು ಬಂದದ್ದು 2009ರಲ್ಲಿ. ಅದೇ ವರ್ಷದ ಡಿಸೆಂಬರ್ 30ಕ್ಕೆ ಯಾದಗಿರಿ ಜಿಲ್ಲೆಯಾಯಿತು. ಅಂದರೆ ಈ ಜಿಲ್ಲೆಯಲ್ಲಿ ಜಿಲ್ಲಾಡಳಿತ ಇರುವಷ್ಟು ಕಾಲವೂ ಆ ಮಾರ್ಗಸೂಚಿ ಇದೆ. ಅದರ ಮೂರನೆಯ ರೂಪ 2023ರದು. 2016ರ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಉಲ್ಲಂಘನೆಗೆ ಮೊದಲ ಸಲ ಹತ್ತು ಸಾವಿರ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಸಾವಿರದಿಂದ ಐದು ಲಕ್ಷದವರೆಗೆ ದಂಡ ಎಂದು 89ನೇ ಕಲಂ ಹೇಳುತ್ತದೆ. ಸೌಲಭ್ಯಗಳು ವಿಕಲಚೇತನರಿಗೂ ಎಟಕಬೇಕೆಂಬ ರಾಜೀವ್ ರತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಒಂದು ಮಹತ್ವದ ಮಾತು ಹೇಳಿತು: ಕಾಯ್ದೆ ಕಡ್ಡಾಯ ಎಂದದ್ದನ್ನು ನಿಯಮಗಳು ಬರೀ ಸಲಹೆಯಾಗಿ ಇಳಿಸಿವೆ, ಇದು ಸಲ್ಲದು, ಮೂರು ತಿಂಗಳಲ್ಲಿ ಕಡ್ಡಾಯದ ನಿಯಮ ಮಾಡಿ ಎಂದಿತು. ಆ ತೀರ್ಪಿಗೆ ಆಧಾರವಾದ ವರದಿ ಬಂದದ್ದು ನಮ್ಮ ಪಕ್ಕದ ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದಿಂದ. ಮರುವರ್ಷ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಆಸಿಡ್ ದಾಳಿಯಿಂದ ಕಣ್ಣು ಮಿಟುಕಿಸಲಾಗದವರಿಗೆ ‘ಕಣ್ಣು ಮಿಟುಕಿಸಿ’ ಎನ್ನುವ, ಗ್ರಾಹಕರ ಗುರುತು ಖಚಿತಪಡಿಸುವ ಇ-ಕೆವೈಸಿಯ ಅನ್ಯಾಯ ಕೋರ್ಟಿನ ಮುಂದೆ ಬಂತು. ಡಿಜಿಟಲ್ ಸೇವೆ ಕೈಗೆಟಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ತೀರ್ಪಾಯಿತು.

ಖರ್ಚಿನ ಮಾತು ಬಂದೇ ಬರುತ್ತದೆ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಮೊದಲು ಬ್ರೂಸ್ ಮ್ಯಾಗ್ವೈರ್ ಎಂಬ ಅಂಧರು, ಕ್ರೀಡಾಕೂಟದ ಜಾಲತಾಣ ತಮಗೆ ಓದಲಾಗುತ್ತಿಲ್ಲ ಎಂದು ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು. ಸರಿಪಡಿಸಲು ವಿಪರೀತ ಹಣ, ವಿಪರೀತ ಸಮಯ ಬೇಕು ಎಂದು ಸಂಘಟಕರು ವಾದಿಸಿದರು. ಆಯೋಗ ಒಪ್ಪಲಿಲ್ಲ, ಕೊನೆಗೆ 20 ಸಾವಿರ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಬೇಕಾಯಿತು. ಮನೆ ಕಟ್ಟುವಾಗಲೇ ಬಾಗಿಲು ಅಗಲ ಇಡುವುದಕ್ಕೂ ಕಟ್ಟಿದ ಮೇಲೆ ಗೋಡೆ ಒಡೆಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಯಾದಗಿರಿಯ ಮಟ್ಟಿಗೆ ಗೋಡೆ ಅಷ್ಟೊಂದು ಒಡೆಯಬೇಕಾಗಿಲ್ಲ ಎಂಬುದು ಸಮಾಧಾನದ ಸಂಗತಿ. ಜಿಲ್ಲೆಯ ಜಾಲತಾಣ ಕೇಂದ್ರ ಸರ್ಕಾರದ ಎನ್‌ಐಸಿಯ ಎಸ್3ವಾಸ್ ಎಂಬ ವೇದಿಕೆಯ ಮೇಲೆ ನಿಂತಿದೆ. ಆ ವೇದಿಕೆಯನ್ನು ರೂಪಿಸುವಾಗಲೇ ಸುಗಮ್ಯತೆಯನ್ನು, ಅಂದರೆ ಎಲ್ಲರೂ ಬಳಸುವಂತಿರುವುದನ್ನು, ಅದರ ಗುರಿಯಲ್ಲಿ ಸೇರಿಸಿದ್ದರು. ಅಕ್ಷರ ದೊಡ್ಡದು ಮಾಡುವ, ಬಣ್ಣದ ವ್ಯತ್ಯಾಸ ಹೆಚ್ಚಿಸುವ, ನೇರ ಮುಖ್ಯ ವಿಷಯಕ್ಕೆ ಜಿಗಿಯುವ ಅನುಕೂಲ ಚೌಕಟ್ಟಿನಲ್ಲೇ ಇದೆ. ಚೌಕಟ್ಟಿನೊಳಗೆ ದಿನವೂ ಏನು ಏರಿಸುತ್ತೇವೆ ಎಂಬುದು ಮಾತ್ರ ಜಿಲ್ಲೆಯ ಕೈಯಲ್ಲಿದೆ. ಚಿತ್ರಕ್ಕೆ ಒಂದು ಸಾಲಿನ ವಿವರಣೆ, ಪಟ್ಟಿಗೆ ಸರಿಯಾದ ತಲೆಬರಹ, ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದರ ಬದಲು ‘ಫಲಾನುಭವಿಗಳ ಪಟ್ಟಿ’ ಎಂಬ ಸ್ಪಷ್ಟ ಕೊಂಡಿ, ಯೂನಿಕೋಡ್ ಪಠ್ಯ. ಇದನ್ನು ಕಲಿಸಲು ಇಲಾಖೆಗಳ ಟೈಪಿಸ್ಟರನ್ನು ಯಾದಗಿರಿಯಲ್ಲಿ ಒಂದು ದಿನ ಕೂಡಿಸಿದರೆ ಸಾಕಾಗುತ್ತದೆ. ಸೇವಾ ಸಿಂಧುವಿನಂಥ ರಾಜ್ಯಮಟ್ಟದ ಜಾಲತಾಣಗಳ ಅರ್ಜಿ ನಮೂನೆ ಬೆಂಗಳೂರಿನಲ್ಲಿ ತಿದ್ದುವಂಥದ್ದು. ಆದರೆ ಯಾವ ಖಾನೆಯಲ್ಲಿ ಜನ ಸಿಕ್ಕಿಬೀಳುತ್ತಿದ್ದಾರೆ ಎಂದು ಬರೆದು ಕಳಿಸುವುದು ಇಲ್ಲಿಂದಲೇ ಆಗಬೇಕು.

ತಪಾಸಣೆ ಯಾರು ಮಾಡಬೇಕು? ಪ್ರಮಾಣಪತ್ರ ಕೊಡುವ ಸಂಸ್ಥೆಗಳಿವೆ, ಯಂತ್ರದಿಂದ ಪರೀಕ್ಷಿಸುವ ತಂತ್ರಾಂಶಗಳಿವೆ. ಚಿತ್ರಕ್ಕೆ ವಿವರಣೆ ಇದೆಯೇ ಎಂದು ಯಂತ್ರ ಹೇಳುತ್ತದೆ, ಆ ವಿವರಣೆ ಅರ್ಥವಾಗುತ್ತದೆಯೇ ಎಂದು ಹೇಳಲಾರದು. ಅದಕ್ಕೆ ದಿನವೂ ಬಳಸುವವರೇ ಬೇಕು. ಯಾದಗಿರಿ, ಶಹಾಪುರ, ಸುರಪುರದ ಕಾಲೇಜುಗಳಲ್ಲಿ ಓದುವ ಅಂಧ, ಕಿವುಡ, ಕೈ ಊನವಾದ ವಿದ್ಯಾರ್ಥಿಗಳನ್ನು, ಪಂಚಾಯಿತಿಗಳ ವಿ.ಆರ್.ಡಬ್ಲ್ಯೂಗಳನ್ನು ಕೂಡಿಸಿ ವರ್ಷಕ್ಕೆರಡು ಸಲ ಜಾಲತಾಣಗಳನ್ನು ಅವರ ಕೈಯಿಂದಲೇ ಪರೀಕ್ಷಿಸಬೇಕು. ಆ ದುಡಿಮೆಗೆ ಸರಿಯಾದ ಪಗಾರ ಕೊಡಬೇಕು. ವಿಕಲಚೇತನರು ಪುಕ್ಕಟೆ ಬಂದು ಸಲಹೆ ಹೇಳಿ ಹೋಗಲಿ ಎಂಬ ನಿರೀಕ್ಷೆ ಇರಬಾರದು. ಡಿಸೆಂಬರ್ 3ರ ವಿಶ್ವ ವಿಕಲಚೇತನರ ದಿನದಂದು ಹಾರ ಶಾಲು ಹಾಕುವ ಅದೇ ವೇದಿಕೆಯ ಮೇಲೆ ಆ ವರದಿಯನ್ನು, ಬರೆದವರೇ, ಜಿಲ್ಲಾಧಿಕಾರಿಗಳ ಎದುರು ಓದಲಿ: ಯಾವ ಇಲಾಖೆಯ ಯಾವ ಪುಟ ಓದಲಾಗಲಿಲ್ಲ, ಕಳೆದ ಸಲ ಹೇಳಿದ್ದರಲ್ಲಿ ಯಾವುದು ಸರಿಯಾಯಿತು, ಬಾಕಿ ಉಳಿದದ್ದನ್ನು ಯಾರು ಯಾವ ತಿಂಗಳೊಳಗೆ ಮುಗಿಸುತ್ತಾರೆ.